ಒಂದೇ ಕಾದಂಬರಿ, ಹನ್ನೊಂದು ಪ್ರತಿ

ನನ್ನ ಕಪಾಟಿನಲ್ಲಿ ಮೇರಿ ಶೆಲ್ಲಿಯ 'ಫ್ರಾಂಕೆನ್‌ಸ್ಟೈನ್' ಕಾದಂಬರಿಯ ಹನ್ನೊಂದು ಪ್ರತಿಗಳಿವೆ. ಕಥೆ ಒಂದೇ ಅಲ್ವಾ, ಇಷ್ಟೊಂದು ಯಾಕೆ ಅಂತ ನೋಡಿದವರು ಕೇಳುತ್ತಾರೆ. ಕಥೆ ಒಂದೇ ಅಲ್ಲ. ಅದು ಗೊತ್ತಾಗಿದ್ದು ಮೊದಲ ಪ್ರತಿ ಹರಿದುಹೋದಾಗ.

ಓದಿ ಓದಿ ಅದರ ಬೆನ್ನು ಬಿಟ್ಟು ಹಾಳೆಗಳು ಉದುರುತ್ತಿದ್ದವು. ಹಾಗಾಗಿ ಇನ್ನೊಂದು ಕೊಂಡೆ. ನನಗೆ ತುಂಬ ಇಷ್ಟವಾದ ಸಿಡಿಲಿನ ಪ್ರಸಂಗವನ್ನೇ ಮೊದಲು ತೆಗೆದೆ. ಸಿಡಿಲು ಬಡಿದು ಓಕ್ ಮರ ಸೀಳಿಹೋಗುತ್ತದೆ, ಮುಂದೆ ಹೆಣಗಳ ಭಾಗ ಜೋಡಿಸಿ ಜೀವಿಯೊಂದನ್ನು ಸೃಷ್ಟಿಸುವ ಕಥಾನಾಯಕ ವಿಕ್ಟರ್, ಆಗಿನ್ನೂ ಹುಡುಗ, ಬೆರಗಾಗುತ್ತಾನೆ. ಹಳೆಯ ಪ್ರತಿಯಲ್ಲಿ ಅವನಿಗೆ ವಿದ್ಯುತ್ತಿನ ಬಗ್ಗೆ ಹೇಳುವವನು ಜೊತೆಯಲ್ಲಿದ್ದ ಒಬ್ಬ ವಿದ್ವಾಂಸ. ಹೊಸದರಲ್ಲಿ ಅಪ್ಪನೇ ಹೇಳುತ್ತಾನೆ. ಸುಮ್ನೆ ಹೇಳುವುದಷ್ಟೇ ಅಲ್ಲ, ತಂತಿ ಹಾಕಿದ ಗಾಳಿಪಟ ಮಾಡಿ ಮೋಡದಿಂದ ವಿದ್ಯುತ್ ಇಳಿಸಿ ತೋರಿಸುತ್ತಾನೆ. ಎರಡನ್ನೂ ಪಕ್ಕಪಕ್ಕ ಇಟ್ಟು, ಸಾಲಿನ ಮೇಲೆ ಬೆರಳಿಟ್ಟು ಓದಿದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಕಾರಣ ಆಮೇಲೆ ತಿಳಿಯಿತು. ಕಾದಂಬರಿ 1818ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ ಬಂತು. 500 ಪ್ರತಿ, ಲೇಖಕರ ಹೆಸರಿಲ್ಲ. ಮುನ್ನುಡಿ ಬರೆದವನು ಗಂಡ ಪರ್ಸಿ. ಕಾದಂಬರಿಯೂ ಅವನದೇ ಎಂದು ಆಗಿನ ಹೆಸರಾಂತ ಲೇಖಕ ವಾಲ್ಟರ್ ಸ್ಕಾಟ್ ಅಂದುಕೊಂಡಿದ್ದ. ಮೇರಿಯ ಹೆಸರು ಕಾಣಿಸಿದ್ದು 1823ರ ಎರಡು ಸಂಪುಟಗಳ ಮುದ್ರಣದಲ್ಲಿ. 1831ರ ಒಂದೇ ಸಂಪುಟದ ಆವೃತ್ತಿಗೆ ಅವಳೇ ಕೈಯಾಡಿಸಿದಳು. ನನ್ನ ಹರಿದ ಪ್ರತಿ ಈ 1831ರ ಪಠ್ಯದ್ದು, ಆಮೇಲೆ ಕೊಂಡಿದ್ದು 1818ರದ್ದು. ವಿಕ್ಟರ್ ಮದುವೆಯಾಗುವ ಎಲಿಜಬೆತ್ 1818ರಲ್ಲಿ ಅವನ ಅತ್ತೆಯ ಮಗಳು, 1831ರಲ್ಲಿ ಕೋಮೋ ಸರೋವರದ ಹತ್ತಿರ ಬಡವರ ಮನೆಯಲ್ಲಿ ಸಿಕ್ಕ ಅನಾಥೆ. ವಿಕ್ಟರ್ ಕೂಡ ವಿಧಿಯ ಮಾತು ಜಾಸ್ತಿ ಆಡುತ್ತಾನೆ. ನನಗೆ 1818ರ ವಿಕ್ಟರನೇ ಹತ್ತಿರ, ಅವನು ಮಾಡಿದ್ದಕ್ಕೆ ಅವನೇ ಹೊಣೆ.

ಹಾಗಂತ 1831ರದ್ದನ್ನು ತಳ್ಳಿಹಾಕಲು ಆಗಲಿಲ್ಲ. ಮೇರಿ ತಾನೇ ತಿದ್ದಿ ಪರಿಚಿತರೊಬ್ಬರಿಗೆ ಕೊಟ್ಟ 1818ರ ಪ್ರತಿಯೊಂದು ನ್ಯೂಯಾರ್ಕಿನ ಮಾರ್ಗನ್ ಲೈಬ್ರರಿಯಲ್ಲಿದೆ. ಮತ್ತೆ ಅಚ್ಚಾದರೆ ಮೊದಲ ಎರಡು ಅಧ್ಯಾಯ ಹೊಸದಾಗಿ ಬರೆಯುತ್ತೇನೆ, ಭಾಷೆ ಅಲ್ಲಲ್ಲಿ ಎಳಸಾಗಿದೆ ಎಂದು ಅದರಲ್ಲಿ ಕೈಯಾರೆ ಬರೆದಿದ್ದಾಳೆ. ಬರೆಯಲು ಶುರು ಮಾಡಿದಾಗ ಅವಳಿಗೆ ಹದಿನೆಂಟು! ಅಂಥವಳಿಗೆ ತಿದ್ದುವ ಹಕ್ಕಿಲ್ಲ ಅನ್ನುವುದು ಹೇಗೆ?

ಈಗ ಕೊಳ್ಳುವಾಗ ಮುಖಪುಟಕ್ಕಿಂತ ಮೊದಲು ಯಾವ ಪಠ್ಯ ಎಂದು ನೋಡುತ್ತೇನೆ. ಅಧ್ಯಾಯಗಳು 1ರಿಂದ 24ರವರೆಗೆ ಸಾಲಾಗಿದ್ದರೆ 1831ರದ್ದು. ಮೂರು ಭಾಗವಾಗಿ, ಪ್ರತಿ ಭಾಗದಲ್ಲೂ ಮತ್ತೆ ಒಂದರಿಂದ ಶುರುವಾದರೆ ಸಾಮಾನ್ಯವಾಗಿ 1818ರದ್ದು. ದೂರದಿಂದ ತರಿಸುವುದಾದರೆ ಕಥೆಯ ಮೊದಲ ಪುಟದ ಫೋಟೋ ಕೇಳುತ್ತೇನೆ. ಒಮ್ಮೆ ಚಿನ್ನದ ಅಂಚು ನೋಡಿ ಮರುಳಾಗಿ ಒಂದು ಪ್ರತಿ ತರಿಸಿದ್ದೆ. ತೆರೆದರೆ, ಉತ್ತರ ಧ್ರುವದ ಕಡೆ ಹಡಗಿನಲ್ಲಿ ಹೊರಟ ವಾಲ್ಟನ್ ತನ್ನ ಅಕ್ಕನಿಗೆ ಬರೆದ ಪತ್ರಗಳೇ ಇಲ್ಲ! ಸಂಕ್ಷಿಪ್ತ ಎಂದು ಎಲ್ಲೂ ಹಾಕಿರಲಿಲ್ಲ. ಕಾದಂಬರಿ ಶುರುವಾಗುವುದೇ ಆ ಪತ್ರಗಳಿಂದ. ಅವಿಲ್ಲದಿದ್ದರೆ ಮಂಜಿನ ಸಮುದ್ರವೇ ಇಲ್ಲ.

ಚಿತ್ರಗಳ ಪ್ರತಿಗಳಲ್ಲಿ ನನಗೆ ಎರಡು ಪ್ರಿಯ: ಲಿಂಡ್ ವಾರ್ಡ್ ಅವರ 1934ರ ಮರಗೆತ್ತನೆ ಚಿತ್ರಗಳಿರುವುದು, ಬರ್ನಿ ರೈಟ್‌ಸನ್ ಅವರ 1983ರ ಶಾಯಿ ಚಿತ್ರಗಳಿರುವುದು. ಇಂಥದ್ದು ಕೊಳ್ಳುವಾಗ ಕಪ್ಪು ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಒಳ್ಳೆಯ ಮುದ್ರಣದಲ್ಲಿ ಕತ್ತಲೊಳಗೂ ಗೆರೆಗಳು ಬಿಡಿಬಿಡಿಯಾಗಿ ಕಾಣುತ್ತವೆ. ಕಳಪೆ ಮರುಮುದ್ರಣದಲ್ಲಿ ಎಲ್ಲ ಸೇರಿ ಮಸಿಯಾಗಿರುತ್ತದೆ.

ಹೊಸ ಮಾತು ಹೇಳದ ಪ್ರತಿಯನ್ನು ಈಗ ಕೊಳ್ಳುವುದಿಲ್ಲ. ಹನ್ನೆರಡನೆಯದಾಗಿ ಹುಡುಕುತ್ತಿರುವುದು, ಹಸ್ತಪ್ರತಿಗಳನ್ನು ಆಧರಿಸಿ ಚಾರ್ಲ್ಸ್ ರಾಬಿನ್ಸನ್ 2008ರಲ್ಲಿ ಸಂಪಾದಿಸಿದ ಪ್ರತಿ. ಅದರಲ್ಲಿ ಪರ್ಸಿ ಸೇರಿಸಿದ ಮಾತುಗಳನ್ನು ಓರೆ ಅಕ್ಷರದಲ್ಲಿ ತೋರಿಸಿದ್ದಾರೆ. ಅವನ್ನು ತೆಗೆದು, ಮೇರಿ ಮೊದಲು ಬರೆದ ಹಾಗೇ ಇರುವ ಪಠ್ಯವೂ ಜೊತೆಗಿದೆ. ಸಿಕ್ಕ ದಿನ ಮೊದಲು ಬಿಡಿಸುವುದು ಸಿಡಿಲಿನ ಪುಟವನ್ನೇ.