ಅಸೈನ್‌ಮೆಂಟ್‌ಗೆ ಸೋರ್ಸ್ ಹುಡ್ಕೋದು ಹೇಗೆ, ಬೆಂಗಳೂರಿನ ಕೆರೆಗಳನ್ನೇ ಇಟ್ಕೊಂಡು

ಪ್ರಬಂಧ ಅಂದ ತಕ್ಷಣ ಗೂಗಲ್‌ಗೆ "ಬೆಂಗಳೂರಿನ ಕೆರೆಗಳು" ಅಂತ ಹೊಡೆದು ಮೊದಲ ನಾಲ್ಕು ಲಿಂಕ್ ಓಪನ್ ಮಾಡ್ತೀರಿ, ನಾಲ್ಕರಲ್ಲೂ ಅದೇ ಪ್ಯಾರಾ ಇರತ್ತೆ, ಒಬ್ರದ್ದು ಇನ್ನೊಬ್ರು ಕಾಪಿ ಹೊಡೆದಿರೋದು. ನಾಲ್ಕು ಕಡೆ ಇದೆ ಅಂತ ನಂಬ್ಬೇಡಿ, ಅದು ಒಂದೇ ಸೋರ್ಸು, ಅದೂ ಯಾರು ಬರೆದಿದ್ದು ಅಂತ ಗೊತ್ತಿಲ್ದೆ ಇರೋದು.

ಮೊದ್ಲು ಟಾಪಿಕ್ ಚಿಕ್ಕದು ಮಾಡ್ಕೊಳಿ. ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಇರೋ ಕಡೆ ಧರ್ಮಾಂಬುಧಿ ಕೆರೆ ಇತ್ತು, ಕಂಠೀರವ ಸ್ಟೇಡಿಯಂ ಇರೋ ಕಡೆ ಸಂಪಂಗಿ ಕೆರೆ ಇತ್ತು, ಹೀಗೆ ಒಂದನ್ನ ಹಿಡ್ಕೊಳಿ. ಇಲ್ಲಾಂದ್ರೆ ಹಿಂದೆ ಕೆರೆಗಳನ್ನ ಯಾರು ನೋಡ್ಕೊಳ್ತಿದ್ರು, ಅವ್ರಿಗೇನು ಸಿಗ್ತಿತ್ತು ಅಂತ ಕೇಳ್ಕೊಳಿ. ಪ್ರಶ್ನೆ ಸರಿಯಾದ್ರೆ ಸರ್ಚ್ ಪದಗಳು ತಾವಾಗೇ ಬರ್ತವೆ: ತೂಬು (ಕೆರೆಯಿಂದ ನೀರು ಬಿಡೋ ಕಂಡಿ), ಕೋಡಿ (ಹೆಚ್ಚಾದ ನೀರು ಹರಿದುಹೋಗೋ ಜಾಗ), ಬಿತ್ತುವಟ್ಟ, ಕಟ್ಟುಗೊಡಗೆ (ಕೊನೇ ಎರಡೂ ಕೆರೆ ಕೆಲ್ಸಕ್ಕೆ ಬಿಟ್ಕೊಡ್ತಿದ್ದ ಭೂಮಿಗೆ ಸಂಬಂಧಪಟ್ಟವು). ಇಂಗ್ಲಿಷಲ್ಲಿ ಹುಡುಕುವಾಗ ಲೇಕ್ ಅನ್ನೋ ಬದ್ಲು ಟ್ಯಾಂಕ್ ಇರಿಗೇಶನ್ ಅಂತ ಹೊಡೀರಿ, ಲೇಕ್ ಅಂದ್ರೆ ಬರೀ ವಾಕಿಂಗ್ ಟ್ರ್ಯಾಕ್ ಸುದ್ದಿ ಬರತ್ತೆ.

ಆಮೇಲೆ ಶೋಧಗಂಗಾ ಅನ್ನೋ ವೆಬ್‌ಸೈಟ್‌ಗೆ ಹೋಗಿ. ನಮ್ಮ ಯೂನಿವರ್ಸಿಟಿಗಳ ಪಿಎಚ್‌ಡಿ ಥೀಸಿಸ್‌ಗಳು ಅಲ್ಲಿ ಫ್ರೀ ಆಗಿ ಸಿಗ್ತವೆ. ಥೀಸಿಸ್ ಅಧ್ಯಾಯಕ್ಕೊಂದು ಪಿಡಿಎಫ್ ಆಗಿ ಬಿಡಿಬಿಡಿಯಾಗಿರತ್ತೆ, ಪೂರ್ತಿ ಓದೋಕೆ ಹೋಗ್ಬೇಡಿ, ಸೀದಾ ಗ್ರಂಥಸೂಚಿ ಇರೋ ಫೈಲ್ ತೆಗೀರಿ, ಯಾರೋ ವರ್ಷಗಟ್ಲೆ ಕೂತು ಕಲೆಹಾಕಿದ ಪಟ್ಟಿ ಅದು. ಕನ್ನಡ ಥೀಸಿಸ್ ಹೆಸರನ್ನೂ ಎಷ್ಟೋ ಸಲ ಇಂಗ್ಲಿಷ್ ಅಕ್ಷರದಲ್ಲೇ ಹಾಕಿರ್ತಾರೆ, ಅದಕ್ಕೆ ಎರಡೂ ಥರ ಹುಡುಕಿ.

ಆ ಪಟ್ಟಿಲಿ ಪದೇ ಪದೇ ಬರೋ ಹೆಸರೇ ನಿಮ್ಗೆ ಬೇಕಾಗಿರೋದು. ಕೆರೆ ವಿಷಯದಲ್ಲಿ ಅದು ಎಪಿಗ್ರಾಫಿಯಾ ಕರ್ನಾಟಿಕಾ, ಅಂದ್ರೆ ಶಾಸನಗಳನ್ನ ಒಟ್ಟುಮಾಡಿರೋ ಸಂಪುಟಗಳು, ಅಡಿಟಿಪ್ಪಣಿಲಿ "ಎ.ಕ." ಅಂತಷ್ಟೇ ಇರತ್ತೆ. ಶಾಸನ ತಜ್ಞ ಬಿ.ಎಲ್. ರೈಸ್ ತಂದಿದ್ದು, ಬೆಂಗಳೂರು ಜಿಲ್ಲೆದು 9ನೇ ಸಂಪುಟ, 1905. ಆರ್ಕೈವ್ ಡಾಟ್ ಆರ್ಗ್‌ನಲ್ಲಿದೆ. ಶಾಸನಗಳನ್ನ ತಾಲ್ಲೂಕಿನ ಪ್ರಕಾರ ನಂಬರ್ ಹಾಕಿ ಜೋಡಿಸಿದಾರೆ, ಮೂಲ ಪಾಠನೂ ಇದೆ ಇಂಗ್ಲಿಷ್ ಅನುವಾದನೂ ಇದೆ, ಎರಡನ್ನೂ ಪಕ್ಕಪಕ್ಕ ಇಟ್ಕೊಂಡೇ ಓದಿ. ಹಳೇ ಸ್ಕ್ಯಾನ್‌ಗಳಲ್ಲಿ ಕನ್ನಡ ಅಕ್ಷರದ ಸರ್ಚ್ ನಂಬೋ ಹಾಗಿಲ್ಲ, ಪುಸ್ತಕದ ಒಳಗಿರೋ ಸೂಚಿ ನೋಡಿ.

ಬುಕಾನನ್ ಅಂತ ಇನ್ನೊಬ್ಬ ಸಿಗ್ತಾನೆ, 1800-01ರಲ್ಲಿ ಮೈಸೂರು ಸೀಮೆ ಸುತ್ತಿ ಬರೆದವ್ನು, ಪುಸ್ತಕ ಬಂದಿದ್ದು 1807ರಲ್ಲಿ. ಬೆಳೆ, ನೀರು, ಕಂದಾಯ ಎಲ್ಲಾ ಬರೆದಿದಾನೆ, ಸೊಗಸಾಗಿದೆ, ಆದ್ರೆ ಅವ್ನನ್ನ ಕಳ್ಸಿದ್ದು ಕಂಪನಿ ಸರ್ಕಾರ, ಟಿಪ್ಪು ಸತ್ತ ಮಾರನೇ ವರ್ಷವೇ. ಯಾರಿಗೋಸ್ಕರ ಬರೆದ ಅನ್ನೋದನ್ನೂ ಒಂದು ಸಾಲಲ್ಲಿ ಹಾಕಿ, ಮೇಷ್ಟ್ರು ಮಾರ್ಕ್ಸ್ ಕೊಡೋದೇ ಅಂಥ ಸಾಲಿಗೆ.

ವಿಕಿಪೀಡಿಯ ಓದಿ, ಆದ್ರೆ ಅದನ್ನೇ ಸೋರ್ಸ್ ಅಂತ ಹಾಕ್ಬೇಡಿ, ಕೆಳಗಿರೋ ಉಲ್ಲೇಖ ಎತ್ಕೊಳಿ. ಚಾಟ್‌ಜಿಪಿಟಿ ಪುಸ್ತಕದ ಹೆಸರು ಹೇಳಿದ್ರೆ ಅಂಥ ಪುಸ್ತಕ ಇದ್ಯಾ ಅಂತ ಲೈಬ್ರರಿ ಕ್ಯಾಟಲಾಗಲ್ಲಿ ನೋಡಿ, ಇಲ್ದೇ ಇರೋ ಪುಸ್ತಕಕ್ಕೂ ಪುಟಸಂಖ್ಯೆ ಕೊಡತ್ತೆ ಅದು.

ಓದ್ತಾ ಓದ್ತಾನೇ ಲೇಖಕರು, ವರ್ಷ, ಪುಟ ಬರ್ಕೊಳಿ. ಸಾಲು ಹಾಗೇ ಎತ್ತಿದ್ರೆ ಕೋಟ್ ಹಾಕಿ, ಸ್ವಂತ ಮಾತಲ್ಲಿ ಬರೆದ್ರೂ ಹೆಸರು ಕೊಡ್ಲೇಬೇಕು. ಶಾಸನವನ್ನ ಥೀಸಿಸ್ ಒಳಗೆ ಮಾತ್ರ ನೋಡಿದ್ರೆ ಥೀಸಿಸ್ ಹೆಸರೇ ಹಾಕಿ, ಸಂಪುಟ ತೆಗೆದು ನೋಡಿದಂಗೆ ಪೋಸ್ ಕೊಡ್ಬೇಡಿ. ನೆಟ್ಟಲ್ಲಿ ಸಿಗ್ದೇ ಇದ್ರೆ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಲೈಬ್ರರಿ ಇದೆ, ಕಬ್ಬನ್ ಪಾರ್ಕ್ ಒಳಗೆ ಸ್ಟೇಟ್ ಸೆಂಟ್ರಲ್ ಲೈಬ್ರರಿ ಇದೆ, ಕಾಲೇಜ್ ಐಡಿ ಕಾರ್ಡ್ ಇಟ್ಕೊಂಡು ಹೋಗಿ.