ಗಲ್ಲಿನ ಫೈಲು ನಾನು ಹೆಂಗ ಓದತೀನಿ

ಜಡ್ಜ್‌ಮೆಂಟ್ ಮೊದಲು ಓದೂದಿಲ್ಲ. ಜೂನಿಯರ್ ಹುಡುಗರಿಗೆ ಹೇಳಿದ್ರ ನಗತಾರ, ಆದ್ರ ತೀರ್ಪು ಅಂದ್ರ ಆಗಲೇ ಯಾರೋ ಜೋಡಿಸಿಟ್ಟ ಕಥಿ ಇರತೈತಿ, ಅದನ್ನ ಮೊದಲು ಓದಿಬಿಟ್ರ ಉಳಿದ ಕಾಗದ ಎಲ್ಲಾ ಅದೇ ಕಥಿಗೆ ತಕ್ಕಂಗ ಕಾಣಾಕ ಹತ್ತತಾವ.

ನಾನು ಧಾರವಾಡ ಹೈಕೋರ್ಟ್ ಪೀಠದಾಗ ಕ್ರಿಮಿನಲ್ ಪ್ರಾಕ್ಟೀಸ್ ಮಾಡತೀನಿ, ಲೀಗಲ್ ಏಡ್ ಕೇಸು ಭಾಳ ಬರತಾವ. ಹಾವೇರಿ ಜಿಲ್ಲಾದ ಒಂದು ಕೊಲೆ ಕೇಸಿನ್ಯಾಗ ಗಲ್ಲು ಆಗಿ ನನ್ನ ಟೇಬಲ್ಲಿಗೆ ಬಂತು, ಅದರ ಬಗ್ಗೆನ ಬರೀತೀನಿ, ಊರು ಹೆಸರು ಎಲ್ಲಾ ಬಿಟ್ಟು, ಯಾಕಂದ್ರ ಕೇಸು ಇನ್ನೂ ನಡದೈತಿ. ಸೆಷನ್ಸ್ ಕೋರ್ಟ್ ಗಲ್ಲು ಕೊಟ್ಟ ಕೂಡ್ಲೆ ಹಗ್ಗ ತಯಾರ್ ಮಾಡ್ತಾರ ಅಂತ ಮಂದಿ ತಿಳ್ಕೊಂಡಿರತಾರ, ಹಂಗಿಲ್ಲ. ಕ್ರಿಮಿನಲ್ ಕೇಸು ನಡಸೋ ಹಿಂದಿನ ಕಾಯ್ದೆ ಸಿಆರ್‌ಪಿಸಿ ಸೆಕ್ಷನ್ 366, ಅದರ ಬದಲು ಬಂದ ಈಗಿನ ಬಿಎನ್‌ಎಸ್‌ಎಸ್ ಸೆಕ್ಷನ್ 407, ಅದರ ಪ್ರಕಾರ ಹೈಕೋರ್ಟ್ ಖಾಯಂ ಮಾಡೂತನಕ ಗಲ್ಲು ಜಾರಿ ಆಗೂದಿಲ್ಲ. ಆರೋಪಿ ಅಪೀಲ್ ಹಾಕಲಿ ಬಿಡಲಿ, ಜಡ್ಜ್‌ಗಳು ಎಲ್ಲಾ ಸಾಕ್ಷಿ ಮತ್ತ ಮೊದಲಿಂದ ತೂಗಿ ನೋಡಬೇಕು, ಬೇಕಂದ್ರ ಹೊಸ ಸಾಕ್ಷಿನೂ ತಗೋಬಹುದು. ಈ ಕೊನೇ ಮಾತು ಭಾಳ ಕೆಲಸಕ್ಕ ಬರತೈತಿ, ಮುಂದ ಹೇಳತೀನಿ.

ಓದೂ ಕ್ರಮ ಏನಂದ್ರ, ಮೊದಲು ಎಫ್‌ಐಆರ್, ಅದು ಮ್ಯಾಜಿಸ್ಟ್ರೇಟ್ ಕಡೆ ಯಾವಾಗ ಮುಟ್ಟಿತು ಅನ್ನೋ ಟೈಮು, ಆಮ್ಯಾಲ ಶವ ಪಂಚನಾಮೆ, ಅರೆಸ್ಟ್ ಟೈಮು, ಮುದ್ದೆಮಾಲು (ಜಪ್ತಿ ಮಾಡಿದ ವಸ್ತು) ಪಂಚನಾಮೆ, ಅದನ್ನ ಎಫ್‌ಎಸ್‌ಎಲ್‌ಗೆ, ಅಂದ್ರ ವಿಧಿವಿಜ್ಞಾನ ಲ್ಯಾಬಿಗೆ, ಕಳಿಸಿದ ದಿನ. ಇಷ್ಟನ್ನ ದೊಡ್ಡ ಹಾಳಿ ಮ್ಯಾಲ ಗಂಟಿ ಪ್ರಕಾರ ಬರ್ಕೋತೀನಿ, ಸಾಕ್ಷಿ ಹೇಳಿಕೆ ಅದರ ಪಕ್ಕಕ್ಕ, ತೀರ್ಪು ಕಟ್ಟಕಡೀಗೆ. ಈ ಕೇಸಿನ್ಯಾಗ ಕಣ್ಣಾರೆ ಕಂಡವರು ಯಾರೂ ಇಲ್ಲ. ರಾತ್ರಿ ಒಂಬತ್ತರ ಸುಮಾರಿಗೆ ಆರೋಪಿನ ಸತ್ತವರ ಜೋಡಿ ಬೀದಿ ದೀಪದ ಬೆಳಕಿನ್ಯಾಗ ನೋಡಿದೆ ಅನ್ನೋ ಒಬ್ಬ ಸಾಕ್ಷಿ, ಮತ್ತ ಆರೋಪಿ ತೋರಿಸಿದ ಅಂತ ಸಿಕ್ಕ ಒಂದು ಕೊಡಲಿ. ಇಷ್ಟ.

ಕೊಡಲಿ ಹಿಡೀರಿ ಮೊದಲು. ಪೊಲೀಸರ ಮುಂದ ಆರೋಪಿ ತಪ್ಪೊಪ್ಪಿಕೊಂಡದ್ದು ಸಾಕ್ಷಿ ಆಗೂದಿಲ್ಲ, ಆದ್ರ ಎವಿಡೆನ್ಸ್ ಆಕ್ಟಿನ ಸೆಕ್ಷನ್ 27ರಾಗ (ಹೊಸ ಕಾಯ್ದೆದಾಗ ಇದು 23) ಅವನ ಮಾತಿನಿಂದ ಏನಾದ್ರೂ ವಸ್ತು ಸಿಕ್ಕರ ಅಷ್ಟು ಭಾಗ ನಡೀತೈತಿ. ಈ ಸಣ್ಣ ಬಾಗಿಲದಾಗ ಎಷ್ಟು ಕೇಸು ನುಗ್ಗಿ ಬರತಾವ ಅಂದ್ರ! ಹಂಗಾಗಿ ನಾನು ಪಂಚರು, ಅಂದ್ರ ಜಪ್ತಿಗೆ ಸಾಕ್ಷಿ ಸಹಿ ಹಾಕಿದವರು, ಯಾರು ಅಂತ ನೋಡತೀನಿ, ಅದೇ ಮನುಷ್ಯಾ ಅದೇ ಠಾಣೆಯ ಬ್ಯಾರೆ ಕೇಸಿನ್ಯಾಗೂ ಪಂಚ ಆಗ್ಯಾನೇನು, ವಸ್ತು ಸಿಕ್ಕ ಜಾಗ ಎಲ್ಲರೂ ಅಡ್ಡಾಡೋ ಬಯಲೇನು, ಸೀಲ್ ಹಾಕಿದ್ದು ಅಲ್ಲೇನು ಠಾಣೆಗೆ ಬಂದಮ್ಯಾಲೇನು. ಇಲ್ಲಿ ಕೊಡಲಿ ಸಿಕ್ಕಿದ್ದು ಅರೆಸ್ಟ್ ಆಗೂಕಿಂತ ಮೊದಲೇ ಪೊಲೀಸರು ಹುಡುಕಿ ಹೋಗಿದ್ದ ಹೊಲದ ಬದುವಿನ್ಯಾಗ. ಪಾಟಿ ಸವಾಲಿನ್ಯಾಗ ಇದನ್ನ ಯಾರೂ ಕೇಳಿಲ್ಲ.

ಬೀದಿ ದೀಪದ ವಿಷಯಕ್ಕ ನಾನೇ ಊರಿಗೆ ಹೋದೆ. ಹಗಲೊತ್ತು ಅಲ್ಲ, ಸಾಕ್ಷಿ ಹೇಳಿದ ಹೊತ್ತಿಗೇ, ಅವನು ನಿಂತಿದ್ದೆ ಅಂದ ಕಟ್ಟಿ ಮ್ಯಾಲ ನಿಂತು ನೋಡಿದೆ. ಚಾ ಅಂಗಡಿಯವಾ ಮಾತಿಗೆ ಮಾತು ಬಂದು, ಆ ಬ್ಯಾಸಗಿ ಇಲ್ಲಿ ರಾತ್ರಿ ಕರೆಂಟ್ ಇರತಿದ್ದಿಲ್ಲ ಬಿಡ್ರಿ ಸರ ಅಂದ. ಕರೆಂಟ್ ಕಂಪನಿ ಹೆಸ್ಕಾಂಗೆ ಆರ್‌ಟಿಐ ಹಾಕಿದ್ವಿ, ಸಬ್‌ಸ್ಟೇಷನ್ ಲಾಗ್‌ಶೀಟಿನ್ಯಾಗ ಆ ಊರಿನ ಫೀಡರ್ ಲೈನು ಕೊಲೆ ಆದ ರಾತ್ರಿ 8.40ರಿಂದ 10.15ರ ತನಕ ಬಂದ್. ಇದು ಕೆಳಗಿನ ಕೋರ್ಟಿನ ರೆಕಾರ್ಡಿನ್ಯಾಗ ಇಲ್ಲ, ಹೊಸ ಸಾಕ್ಷಿ ತಗೊಳ್ಳೋ ಆ ಅಧಿಕಾರ ಇಂಥಾದ್ದಕ್ಕಽ ಇರೂದು.

ಕೇಳೋರು ಕೇಳತಾರ, ಸರ ಅಷ್ಟು ಘೋರ ಕೊಲೆ, ನಿಮಗ ಕರೆಂಟಿಂದು ಚಿಂತಿ ಏನು ಅಂತ. ನೋಡ್ರಿ, ಕೊಲೆ ಎಷ್ಟು ಘೋರ ಅನ್ನೋದು ಒಂದು ಪ್ರಶ್ನೆ, ಇವನಽ ಮಾಡಿದ್ನಾ ಅನ್ನೋದು ಬ್ಯಾರೆ ಪ್ರಶ್ನೆ. ನಾ ಓದಿದ ಫೈಲಿನ್ಯಾಗ ಮೊದಲನೇದರ ಉತ್ತರ ಹೋಗಿ ಎರಡನೇದಕ್ಕ ಅಂಟಿಕೊಂಡಿರತೈತಿ. ಕೊಲೆ ಘೋರ ಆದಷ್ಟು ಚೆನ್ನಮ್ಮ ಸರ್ಕಲ್‌ನ್ಯಾಗ ಗದ್ದಲ ಜಾಸ್ತಿ, ಪೊಲೀಸರ ಮ್ಯಾಲ ಒತ್ತಡ ಜಾಸ್ತಿ, ಆರೋಪಿ ಪರ ಗಟ್ಟಿ ಸವಾಲು ಕೇಳೋ ವಕೀಲರು ಕಡಿಮಿ. 1980ರ ಸುಪ್ರೀಂ ಕೋರ್ಟಿನ ಬಚನ್ ಸಿಂಗ್ ತೀರ್ಪು ಅಪರೂಪದಲ್ಲಿ ಅಪರೂಪದ ಕೇಸಿಗಷ್ಟ ಗಲ್ಲು ಅಂತು, ಆದ್ರ ಅಪರೂಪ ಅನ್ನಿಸೋ ಕೇಸಿನ್ಯಾಗಽ ಸಾಕ್ಷಿ ಹಗುರ ಇದ್ರೂ ಮಂದಿ ತಲಿ ಕೆಡಿಸ್ಕೊಳ್ಳೂದಿಲ್ಲ.

ಇದು ನನ್ನ ಊಹಾ ಅಲ್ಲ. ಮಹಾರಾಷ್ಟ್ರದಾಗ 2003ರಾಗ ಆದ ಕೊಲೆ ಕೇಸು, ಅಲೆಮಾರಿ ಸಮುದಾಯದ ಆರು ಮಂದಿ, 2009ರಾಗ ಸುಪ್ರೀಂ ಕೋರ್ಟ್ ಆರೂ ಮಂದಿಗೆ ಗಲ್ಲು ಅಂತು. ಅದೇ ಸುಪ್ರೀಂ ಕೋರ್ಟ್ 2019ರಾಗ ಆರೂ ಮಂದಿನ ನಿರ್ದೋಷಿ ಅಂತ ಬಿಡ್ತು. ಆ ದಾಳಿಯಾಗ ಬದುಕಿ ಉಳಿದ ಸಾಕ್ಷಿದಾರಳು ಪೊಲೀಸರ ಫೋಟೋದಾಗ ಬ್ಯಾರೆ ನಾಲ್ಕು ಮಂದಿನ ಗುರುತಿಸಿದ್ಲು, ಆ ಕಡೆ ತನಿಖೆನ ಹೋಗಿರಲಿಲ್ಲ. ನಡುವಿನ ಹತ್ತು ವರ್ಷದಾಗ ಗಲ್ಲು ಜಾರಿ ಆಗಿದ್ರ? ಕೋರ್ಟ್ ಆಮ್ಯಾಲ ಕೊಡಿಸಿದ ಐದೈದು ಲಕ್ಷ ಪರಿಹಾರ ಯಾರ ಕೈಯಾಗ ಇಡತಿದ್ರಿ?

ಇನ್ನ ವಯಸ್ಸಿನ ವಿಷಯ. ಸುಪ್ರೀಂ ಕೋರ್ಟಿನ 2022ರ ಮನೋಜ್ ತೀರ್ಪು ಬಂದಮ್ಯಾಲ ಆರೋಪಿಯ ಹಿನ್ನೆಲೆ, ಮನಸ್ಥಿತಿ, ಜೈಲಿನ ನಡತೆ ಎಲ್ಲಾ ತರಿಸಿ ನೋಡಬೇಕು, ಆದ್ರ ಪ್ರೊಬೇಷನ್ ಆಫೀಸರ್ ರಿಪೋರ್ಟು ಎರಡು ಪುಟ ಬಂದ್ರ ದೊಡ್ಡದು, ಹಂಗಾಗಿ ಸಾಲಿ ರಜಿಸ್ಟರ್ ನಾನೇ ನೋಡತೀನಿ. ನಮ್ಮ ಕಡೆ ಅರ್ಧ ಮಂದಿ ಹುಟ್ಟಿದ್ದು ಜೂನ್ 1ಕ್ಕ, ಮಾಸ್ತರ್ ಬರದದ್ದಽ ಹುಟ್ಟಿದ ದಿನ. ಚುನಾವಣೆ ಕಾರ್ಡಿಗೆ ನಡೀತೈತಿ, ಗಲ್ಲಿಗೆ ನಡೆಯೂದಿಲ್ಲ. ಪುಣೆಯ 1994ರ ಕೇಸಿನ್ಯಾಗ ಗಲ್ಲಾಗಿದ್ದ ಒಬ್ಬನು ಅಪರಾಧದ ಹೊತ್ತಿಗೆ ಹನ್ನೆರಡು ವರ್ಷದ ಹುಡುಗ ಅಂತ ಸುಪ್ರೀಂ ಕೋರ್ಟ್ ಒಪ್ಪಿದ್ದು 2023ರಾಗ, ಅಷ್ಟೊತ್ತಿಗೆ 28 ವರ್ಷ ಜೈಲಿನ್ಯಾಗ ಕಳದಿದ್ದ. ಸಿಕ್ಕಿದ್ದು ಸಾಲಿ ರಜಿಸ್ಟರಿನಿಂದ. ನನ್ನ ಕಕ್ಷಿದಾರನ ವಯಸ್ಸು ಸರಿ ಇತ್ತು, ಅದರಾಗ ಏನೂ ಸಿಗಲಿಲ್ಲ.

ಬೆಳಗಾವಿಯ ಹಿಂಡಲಗಾ ಜೈಲಿನ್ಯಾಗ ಭೇಟಿ ಆದಾಗ ಅವನ ಜೋಡಿ ಮೊದಲು ಕೇಸಿನ ಮಾತು ತಗೆಯೂದಿಲ್ಲ, ಊಟ, ನಿದ್ದಿ, ಮನಿ ಮಂದಿ ಬರತಾರೇನು, ಎಷ್ಟೊತ್ತು ಹೊರಗ ಬಿಡತಾರ, ಇದಽ ಕೇಳತೀನಿ. ಅದಕ್ಕ ಕಾರಣ ಐತಿ. ಇದೇ ಜೈಲಿನ ಒಬ್ಬ ಗಲ್ಲು ಖೈದಿನ ಹತ್ತು ವರ್ಷ ಒಂಟಿ ಸೆರೆದಾಗ ಇಟ್ಟದ್ದು ತಪ್ಪು ಅಂತ 2022ರಾಗ ಸುಪ್ರೀಂ ಕೋರ್ಟ್ ಅವನ ಗಲ್ಲು ತಗದು ಕನಿಷ್ಠ ಮೂವತ್ತು ವರ್ಷ ಜೈಲು ಮಾಡ್ತು. ಅವನ ಅಪರಾಧದ ಬಗ್ಗೆ ಅಲ್ಲಿ ಸಂಶಯ ಇರಲಿಲ್ಲ, ಅದು ಬ್ಯಾರೆ.

ಸತ್ತವರ ಮನಿಯವರು ಪ್ರತಿ ಡೇಟಿಗೂ ಹಾವೇರಿಯಿಂದ ಬಸ್ ಹಿಡ್ದು ಬರತಾರ, ಕೋರ್ಟ್ ಹಾಲಿನ್ಯಾಗ ಹಿಂದ ಕುಂದರತಾರ, ನನ್ನ ಮಾರಿ ನೋಡೂದಿಲ್ಲ. ಅವರ ಸಿಟ್ಟು ನನಗ ತಪ್ಪು ಅನ್ಸೂದಿಲ್ಲ. ಆದ್ರ ಕರೆಂಟ್ ಇಲ್ಲದ ಬೀದಿ ದೀಪದಾಗ ಕಂಡವನನ್ನ ನೇಣಿಗೆ ಹಾಕಿದ್ರ ನಿಜವಾಗಿ ಮಾಡಿದವಾ ಇನ್ನೂ ಆ ಊರಾಗಽ ಚಾ ಕುಡೀತಿರಬಹುದು, ಇದನ್ನ ಅವರಿಗೆ ಯಾರು ಹೇಳಬೇಕು?

ಲಾಗ್‌ಶೀಟಿನ ದೃಢೀಕೃತ ಪ್ರತಿ ಜೋಡಿ ಅರ್ಜಿ ಹಾಕೇವಿ. ಸರ್ಕಾರಿ ವಕೀಲರು ಆಕ್ಷೇಪಣೆಗೆ ಟೈಮ್ ಕೇಳ್ಯಾರ, ಸಬ್‌ಸ್ಟೇಷನ್ನಿನ ಆಪರೇಟರ್‌ನ ಕರೆಸಿ ವಿಚಾರಣೆ ಮಾಡಬೇಕೋ ಬ್ಯಾಡೋ ಅನ್ನೋದರ ಮ್ಯಾಲ ವಾದ ಬಾಕಿ ಐತಿ.