ಡಿವಿಆರ್ ಗಡಿಯಾರ ನಂಬಬೇಡಿ: ಕಲಬುರಗಿ ಕ್ರೈಂ ಸ್ಟಾಫ್‌ನ ನನ್ನ ಅನುಭವ

ಸಿಸಿಟಿವಿ ಫುಟೇಜ್ ತೆಗೆಯುವುದು ಹೇಗೆ ಅಂತ ಪೊಲೀಸ್ ಕೆಲಸದಲ್ಲಿರುವ ನಿಮಗೆ ಹೇಳಿಕೊಡಬೇಕಿಲ್ಲ. ನಾನು ಬರೆಯುತ್ತಿರುವುದು ಡಿವಿಆರ್ (ಕ್ಯಾಮೆರಾ ದೃಶ್ಯ ರೆಕಾರ್ಡ್ ಮಾಡುವ ಪೆಟ್ಟಿಗೆ) ಫುಟೇಜಿನ ಮೂಲೆಯಲ್ಲಿ ಓಡಿಸುವ ಟೈಮ್ ಬಗ್ಗೆ. ನಾನು ನೋಡಿದ ಅಂಗಡಿಗಳಲ್ಲಿ ಹತ್ತಕ್ಕೆ ಏಳರಲ್ಲಿ ಅದು ಸರಿ ಇರಲಿಲ್ಲ. ಎಷ್ಟು ತಪ್ಪಿದೆ ಅಂತ ಬರೆದಿಡಲು ಒಂದು ನೋಟ್‌ಬುಕ್ ಶುರು ಮಾಡಿದೆ. "ಇದರಾಗ ಏನ್ ಸಿಗ್ತದ್ರಿ?" ಅಂತ ಠಾಣೆಯಲ್ಲಿ ಬಹಳ ಜನ ಕೇಳಿದರು. ಒಂದು ಕೊಲೆ ಕೇಸಿನಲ್ಲಿ ಶಿಕ್ಷೆ ಆದ ಮೇಲೆ ಆ ಪ್ರಶ್ನೆ ನಿಂತಿತು.

ಕಲಬುರಗಿಯಲ್ಲಿ ಈ ಲೆಕ್ಕ ಯಾಕೆ ಬೇಕು? ನಮ್ಮ ಬಿಸಿಲಿಗೆ. ಮೇ ತಿಂಗಳಲ್ಲಿ ಹೊರಗೆ 42, 43 ಡಿಗ್ರಿ ಇರುತ್ತದೆ. ಹೆಣ ತಣ್ಣಗಾಗುವುದೇ ಇಲ್ಲ. ಸೆಟೆಯುವುದೂ ಬೇಗ, ಬಿಡುವುದೂ ಬೇಗ. ಹಾಗಾಗಿ ಸತ್ತ ಟೈಮ್ ಸರಿಯಾಗಿ ಹೇಳುವುದು ಕಷ್ಟ. ಪಿಎಂ (ಮರಣೋತ್ತರ ಪರೀಕ್ಷೆ) ಮಾಡಿದ ಡಾಕ್ಟರ್ "ರಾತ್ರಿ ಎಂಟರಿಂದ ಹನ್ನೆರಡರ ಒಳಗೆ" ಅಂತ ಬರೆದರೆ ಅವರನ್ನು ದೂರುವ ಹಾಗಿಲ್ಲ. ಆದರೆ ಆ ನಾಲ್ಕು ಗಂಟೆಯಲ್ಲಿ ಆರೋಪಿ ಸೇಡಂಗೆ ಹೋಗಿ ಊಟ ಮಾಡಿ ವಾಪಸ್ ಬರಬಹುದು. ಸಿಡಿಆರ್ (ಫೋನ್ ಯಾವ ಟವರ್ ಕೆಳಗಿತ್ತು ಅಂತ ತೋರಿಸುವ ಕರೆ ದಾಖಲೆ) ಕೂಡ ಊರ ಹೊರಗೆ ಅಷ್ಟಕ್ಕಷ್ಟೆ. ಒಂದು ಟವರ್ ಕೆಳಗೆ ಮೂರ್ನಾಲ್ಕು ಕಿಲೋಮೀಟರ್ ಬರುತ್ತದೆ. ನಿಮಿಷದ ಲೆಕ್ಕ ಕೊಡುವುದು ಕ್ಯಾಮೆರಾ ಒಂದೇ.

ಕೊಲೆ ನೋಡುವುದಕ್ಕೇ ಬೇರೆ ಜನ ನಮ್ಮ ಠಾಣೆಯಲ್ಲಿಲ್ಲ. ಬೆಳಿಗ್ಗೆ ಶವ ಪಂಚನಾಮೆ, ಮಧ್ಯಾಹ್ನ ಸಮನ್ಸ್ ಜಾರಿ, ಸಂಜೆ ಬಂದೋಬಸ್ತ್. ಶರಣಬಸವೇಶ್ವರ ಜಾತ್ರೆ, ಬಂದೇನವಾಜ್ ಉರುಸ್ ಬಂದರೆ ಕೇಸ್ ಫೈಲ್ ಮುಟ್ಟಲೂ ಆಗುವುದಿಲ್ಲ. ಅಷ್ಟರಲ್ಲಿ ಡಿವಿಆರ್ ಮೇಲೆ ಹೊಸ ರೆಕಾರ್ಡಿಂಗ್ ಕೂತುಬಿಡುತ್ತದೆ. ಜನ ಹೆಚ್ಚು ಬರುವ ಜಾಗಗಳಲ್ಲಿ 30 ದಿನದ ಫುಟೇಜ್ ಇರಬೇಕು ಅಂತ ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಸಣ್ಣ ಅಂಗಡಿಗಳಲ್ಲಿ ನನಗೆ ಸಿಕ್ಕಿದ್ದು ಏಳು ದಿನ, ಜಾಸ್ತಿ ಅಂದ್ರೆ ಹನ್ನೆರಡು. ಅದಕ್ಕೇ ಕೊಲೆ ಆಗುವ ಮೊದಲೇ ಕ್ಯಾಮೆರಾಗಳ ಪರಿಚಯ ಇರಬೇಕು ಅನ್ನುವುದು ನನ್ನ ಹಟ.

ರಾತ್ರಿ ಬೀಟ್ ಮುಗಿದ ಮೇಲೆ ರಿಂಗ್ ರೋಡ್ ಹಿಡಿದು ಹೋಗುತ್ತಿದ್ದೆ. ಡಿವಿಆರ್ ಪರದೆ ಪಕ್ಕ ಒಂದು ಮೊಬೈಲ್ ಹಿಡಿದು, ಇನ್ನೊಂದರಿಂದ ಎರಡೂ ಟೈಮ್ ಒಂದೇ ಫೋಟೋದಲ್ಲಿ ಬರುವ ಹಾಗೆ ತೆಗೆಯುವುದು. ಆಮೇಲೆ ನೋಟ್‌ಬುಕ್‌ನಲ್ಲಿ ಎಷ್ಟು ಮುಂದೆ, ಎಷ್ಟು ಹಿಂದೆ, ಎಷ್ಟು ದಿನ ಸ್ಟೋರೇಜ್, ಪಾಸ್‌ವರ್ಡ್ ಯಾರ ಹತ್ತಿರ, ಎಲ್ಲಾ ಬರೆಯುವುದು. ಕೆಳಗೆ ಮಾಲೀಕರ ಸಹಿ. ಪಾಸ್‌ವರ್ಡ್ ಸಾಮಾನ್ಯವಾಗಿ ಕ್ಯಾಮೆರಾ ಹಾಕಿದ ಹುಡುಗನ ಹತ್ತಿರ ಇರುತ್ತದೆ, ಆ ಹುಡುಗ ಹೈದರಾಬಾದಿಗೆ ಹೋಗಿರುತ್ತಾನೆ. ಅವನನ್ನು ಅರ್ಧ ಗಂಟೆಯಲ್ಲಿ ಹಿಡಿಯುವ ದಾರಿ ನನಗೆ ಗೊತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಮೊದಲ ವರ್ಷ ಬರೀ ನಷ್ಟ. ಎರಡು ತಿಂಗಳು ಬಿಟ್ಟು ಹೋದರೆ ಅರ್ಧ ಲೆಕ್ಕ ಬದಲಾಗಿರುತ್ತಿತ್ತು. ಕರೆಂಟ್ ಹೋಗಿ ಬಂದರೆ ಕೆಲವು ಡಿವಿಆರ್ 2000ನೇ ಇಸವಿಗೆ ಹೋಗಿ ಕೂರುತ್ತವೆ. ಒಳಗಿನ ಬಟನ್ ಸೆಲ್ ಸತ್ತಿರುತ್ತದೆ, ಅಷ್ಟೇ. ಮೂವತ್ತು ನಲವತ್ತು ರೂಪಾಯಿ ಸೆಲ್. ಸ್ಕ್ರೂಡ್ರೈವರ್ ಜೇಬಲ್ಲಿಟ್ಟು ಎಷ್ಟೋ ಕಡೆ ನಾನೇ ಬದಲಿಸಿದೆ. ಕೆಲವು ಸರಿಯಾಗಿ ಎರಡೂವರೆ ಗಂಟೆ ಮುಂದೆ ಇರುತ್ತವೆ. ಅವು ಚೀನಾ ಟೈಮ್‌ನಲ್ಲೇ ಓಡುತ್ತಿರುತ್ತವೆ. ಅಂಥವು ಒಳ್ಳೆಯವು, ಲೆಕ್ಕ ಕದಲುವುದಿಲ್ಲ. ಮಾಲೀಕರು ಗೋಡೆ ಗಡಿಯಾರ ನೋಡಿ ಕೈಯಿಂದ ಸೆಟ್ ಮಾಡಿದವೇ ಕಷ್ಟ. ತೊಗರಿ ದಾಲ್ ಮಿಲ್‌ಗಳ ಸುತ್ತ ಇನ್ನೊಂದು ಗೋಳು, ಹೊಟ್ಟಿನ ಧೂಳು ಕೂತು ಲೆನ್ಸ್ ಮಬ್ಬಾಗುತ್ತದೆ. ಏಣಿ ಹಾಕಿ ಒರೆಸಿದ್ದೂ ಉಂಟು.

ಪೆಟ್ರೋಲ್, ಪೆನ್‌ಡ್ರೈವ್, ಸೆಲ್, ಚಹಾ ಎಲ್ಲಾ ಸೇರಿ ಮೊದಲ ವರ್ಷ ಹನ್ನೆರಡರಿಂದ ಹದಿನೈದು ಸಾವಿರ ಕೈಯಿಂದ ಹೋಯಿತು. ಒಂದು ಟಿಬಿ ಹಾರ್ಡ್‌ಡಿಸ್ಕ್‌ಗೆ ಬೇರೆ ಮೂರೂವರೆ ಸಾವಿರ. ಬಿಲ್ ಕೊಟ್ಟೆ, ಪಾಸಾಗಲಿಲ್ಲ. ಮನೆಯಲ್ಲಿ ಮಾತು ಬಂತು. ಆದರೂ ಬಿಡಲಿಲ್ಲ.

ಈ ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಒಂದು ಫೀಡರ್ (ಸಬ್‌ಸ್ಟೇಷನ್‌ನಿಂದ ಹೊರಡುವ ಕರೆಂಟ್ ಲೈನ್) ಟ್ರಿಪ್ ಆದರೆ, ಅಂದ್ರೆ ತಾನಾಗೇ ಕಟ್ ಆದರೆ, ಆ ಲೈನ್ ಮೇಲಿನ ಬೀದಿ ದೀಪ, ಅಂಗಡಿ ಬೋರ್ಡು ಎಲ್ಲಾ ಒಂದೇ ಕ್ಷಣಕ್ಕೆ ಆರುತ್ತವೆ ಅಲ್ವಾ? ಇನ್ವರ್ಟರ್ ಮೇಲೆ ಓಡುವ ಡಿವಿಆರ್‌ಗಳಲ್ಲಿ ಆ ಕತ್ತಲು ರೆಕಾರ್ಡ್ ಆಗಿರುತ್ತದೆ. ಸಬ್‌ಸ್ಟೇಷನ್ ಲಾಗ್ ಬುಕ್‌ನಲ್ಲಿ ಟ್ರಿಪ್ ಆದ ಟೈಮ್ ಇರುತ್ತದೆ. ಎರಡನ್ನೂ ಹೋಲಿಸಿದರೆ ಆ ರಾತ್ರಿ ಪ್ರತಿ ಡಿವಿಆರ್ ಎಷ್ಟು ತಪ್ಪಿತ್ತು ಅಂತ ಸಿಗುತ್ತದೆ. ಮೂರ್ನಾಲ್ಕು ಬಾರಿ ಸುಮ್ನೆ ಪರೀಕ್ಷೆ ಮಾಡಿ ನೋಡಿದೆ. ಒಂದು ನಿಮಿಷದೊಳಗೆ ಹೊಂದಿತು. ಬೈಕ್ ಹೆಡ್‌ಲೈಟ್ ಬೆಳಕು ನೋಡಿ ಗಾಡಿ ಗುರುತಿಸುವ ಪ್ರಯೋಗವನ್ನೂ ಮಾಡಿದ್ದೇನೆ. ಅದು ನನ್ನ ಹತ್ತಿರವೇ ಇರಲಿ.

ಈಗ ಆ ಕೇಸ್. ಮೇ ತಿಂಗಳು, ರಿಂಗ್ ರೋಡ್ ಆಚೆಯ ಒಂದು ಖಾಲಿ ಲೇಔಟ್. ಸತ್ತವನು ರಾತ್ರಿ 9.40ಕ್ಕೆ ಒಂದು ಬಂಕ್‌ನಲ್ಲಿ ಪೆಟ್ರೋಲ್ ಹಾಕಿಸಿದ್ದ. ಆ ಬಂಕ್‌ನ ಟೈಮ್ ಸರಿ ಇತ್ತು. 10.20ರ ಸುಮಾರಿಗೆ ಅವನ ಫೋನ್ ಆಫ್. ನಮಗೆ ಅನುಮಾನ ಇದ್ದವನು ಮೂರ್ನಾಲ್ಕು ಕಿಲೋಮೀಟರ್ ದೂರದ ಢಾಬಾದಲ್ಲಿ 10.10ರಿಂದ 10.55ರವರೆಗೆ ಕೂತಿದ್ದು ಕ್ಯಾಮೆರಾದಲ್ಲಿ ಚೆನ್ನಾಗಿ ಕಾಣುತ್ತಿತ್ತು. ಎರಡೂ ಜಾಗಕ್ಕೆ ಒಂದೇ ಟವರ್. ಅವನನ್ನು ಬಿಟ್ಟು ಬೇರೆಯವರನ್ನು ಹುಡುಕಿ ಅಂತ ಮಾತಾಯಿತು.

ನಾನು ನೋಟ್‌ಬುಕ್ ತೆರೆದೆ. ಆ ಢಾಬಾದ ಡಿವಿಆರ್ ಒಂದೂವರೆ ತಿಂಗಳ ಹಿಂದೆ 46 ನಿಮಿಷ ಮುಂದಿತ್ತು. ಮಾಲೀಕನ ಸಹಿಯೂ ಇತ್ತು. ಆವತ್ತೇ ಹೋಗಿ ನೋಡಿದರೆ 47. ಅಂದ್ರೆ ಅವನು ಕೂತಿದ್ದು 9.23ರಿಂದ 10.08ರವರೆಗೆ. ದಾರಿಯ ದಾಲ್ ಮಿಲ್ ಕ್ಯಾಮೆರಾದ ಟೈಮನ್ನು ಲೆಕ್ಕದಲ್ಲಿ ಸರಿಪಡಿಸಿ ನೋಡಿದಾಗ 10.14ಕ್ಕೆ ಅವನ ಬೈಕ್ ಲೇಔಟ್ ಕಡೆ ಹೋಗಿತ್ತು. ಪಿಐ (ಪೊಲೀಸ್ ಇನ್‌ಸ್ಪೆಕ್ಟರ್) ಸಾಹೇಬರು ಎರಡು ನಿಮಿಷ ಮಾತೇ ಆಡಲಿಲ್ಲ. ಆಮೇಲೆ ಪಂಚರನ್ನು (ಸ್ಥಳದ ಸಾಕ್ಷಿಗಳನ್ನು) ಕರೆಸಿ, ಅವರ ಮುಂದೆ ಹೊಸದಾಗಿ ಮಹಜರು ಮಾಡಿ ಡಿವಿಆರ್ ಜಪ್ತಿ ಮಾಡಿದರು. ನೋಟ್‌ಬುಕ್ ಎಲ್ಲಿ ನೋಡಬೇಕು ಅಂತ ತೋರಿಸಿತು, ಸಾಕ್ಷ್ಯ ಆಗಿದ್ದು ಮಹಜರು.

ವಿಚಾರಣೆಯಲ್ಲಿ ಢಾಬಾದ ಹುಡುಗ ಹಾಸ್ಟೈಲ್ ಆದ, ಅಂದ್ರೆ ಹೇಳಿಕೆ ತಿರುಗಿಸಿದ. ಆರೋಪಿ ಪರ ವಕೀಲರು, ಡಿವಿಆರ್ ಟೈಮ್ ಪೊಲೀಸರೇ ತಿರುಗಿಸಿದ್ದಾರೆ ಅಂದರು. ಆಗ ಕೈಹಿಡಿದಿದ್ದು ಕರೆಂಟ್. ಆ ರಾತ್ರಿ ಢಾಬಾ ಫುಟೇಜಿನಲ್ಲಿ 10.32ಕ್ಕೆ ಹೊರಗಿನ ದೀಪ ಆರಿತ್ತು. ಸಬ್‌ಸ್ಟೇಷನ್ ಲಾಗ್‌ನಲ್ಲಿ ಟ್ರಿಪ್ 9.45ಕ್ಕೆ. ಅದೇ 47 ನಿಮಿಷ. ಲಾಗ್ ಬುಕ್ ತಂದ ಸಿಬ್ಬಂದಿಯನ್ನು ಅಡ್ಡ ವಿಚಾರಣೆಯಲ್ಲಿ ಏನೂ ಅಲುಗಾಡಿಸಲಾಗಲಿಲ್ಲ.

ಆಗ ಡಿಜಿಟಲ್ ಸಾಕ್ಷ್ಯದ ಜೊತೆ ಕೊಡಲು ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಸರ್ಟಿಫಿಕೇಟ್ ಇತ್ತು. 1 ಜುಲೈ 2024ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63 ಬಂದಿದೆ, ಹ್ಯಾಶ್ ವ್ಯಾಲ್ಯೂ (ಫೈಲ್ ಬದಲಾಗಿಲ್ಲ ಅಂತ ತೋರಿಸುವ ಕೋಡ್) ಬರೆಯಲೇಬೇಕು. ಫುಟೇಜ್ ಕಾಪಿ ಮಾಡಿದ ಜಾಗದಲ್ಲೇ ಹ್ಯಾಶ್ ತೆಗೆಯಿರಿ, ಠಾಣೆಗೆ ಬಂದು ಅಲ್ಲ. ಟೈಮ್ ವ್ಯತ್ಯಾಸವನ್ನು ಮಹಜರಿನಲ್ಲೇ ಬರೆಯಿರಿ. ಡಿವಿಆರ್ ಟೈಮನ್ನು ಸರಿಪಡಿಸಲು ಹೋಗಬೇಡಿ, ತಪ್ಪಿದ್ದ ಹಾಗೇ ಜಪ್ತಿ ಮಾಡಿ.

ಈಗ ನನ್ನದು ನಾಲ್ಕನೇ ನೋಟ್‌ಬುಕ್. ಮುನ್ನೂರಕ್ಕೂ ಜಾಸ್ತಿ ಕ್ಯಾಮೆರಾ ಇವೆ. ಬೇರೆ ಠಾಣೆಯವರು ರಾತ್ರಿ ಹನ್ನೆರಡಕ್ಕೂ ಫೋನ್ ಮಾಡಿ, ಆ ಬಂಕ್ ಎಷ್ಟು ಹಿಂದೆ ಇದೆ ಅಂತ ಕೇಳುತ್ತಾರೆ. ಹೇಳುತ್ತೇನೆ. ಆಳಂದ ರಸ್ತೆ ಕಡೆ ಹೊಸ ಅಂಗಡಿಗಳು ಬಹಳ ಆಗಿವೆ, ಮುಂದಿನ ತಿಂಗಳು ಅತ್ತ ಶುರು ಮಾಡಬೇಕು.